ಟರ್ಬೊ ಸ್ನೋಮೊಬೈಲ್ ಸೊರಗಿದೆಯೇ? ಮೊದಲು ಶಾಖ ಎಲ್ಲಿ ನಿಂತಿದೆ ಎಂದು ಹುಡುಕಿ

ಹಿಮದ ಮೇಲೆಯೇ ಓಡುವ ವಾಹನಕ್ಕೆ ಬಿಸಿಯ ಕಾಟವೆಂದರೆ ಹೊಸಬರು ನಂಬುವುದಿಲ್ಲ. ಆದರೆ ಟರ್ಬೊಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಅಳವಡಿಸಿದ ನಾಲ್ಕು ಸ್ಟ್ರೋಕ್‌ನ ಸ್ನೋಮೊಬೈಲ್‌ಗಳು ಶಕ್ತಿ ಕಳೆದುಕೊಂಡಾಗ ಅದರ ಹಿಂದೆ ಅನೇಕ ಸಲ ಇರುವುದು ಶಾಖವೇ. ಯಮಾಹಾ ಮತ್ತು ಆರ್ಕ್ಟಿಕ್ ಕ್ಯಾಟ್ 2017ರ ಮಾದರಿಗಳಲ್ಲಿ ತಂದ 998 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸುಮಾರು 200 ಅಶ್ವಶಕ್ತಿಯದು. ಸ್ಕಿ-ಡೂ ಸಂಸ್ಥೆಯ 899 ಸಿಸಿ ಟರ್ಬೊ ಎಂಜಿನ್ 2019ರ ಮಾದರಿಯಲ್ಲಿ 150 ಅಶ್ವಶಕ್ತಿ ಕೊಡುತ್ತಿತ್ತು; 2022ರ ಮಾದರಿಯಲ್ಲಿ ಅದು 180ಕ್ಕೆ ಏರಿತು. ಇಷ್ಟು ಶಕ್ತಿ ಇಕ್ಕಟ್ಟಾದ ಹುಡ್‌ನ ಕೆಳಗೆ ಹುಟ್ಟುವಾಗ, ಹೊರಗೆ ಎಷ್ಟೇ ಚಳಿ ಇದ್ದರೂ ಒಳಗಿನ ಶಾಖ ತಾನಾಗಿಯೇ ಹೊರಬೀಳುವುದಿಲ್ಲ.

ಬಿಡಿಭಾಗ ಕೊಳ್ಳುವುದಕ್ಕೆ ಮೊದಲು ಮಾಡಬೇಕಾದದ್ದು ರೋಗಪತ್ತೆ. ಸಮತಟ್ಟಾದ, ಸುರಕ್ಷಿತವಾದ ಒಂದು ನೇರ ಹಾದಿಯನ್ನು ಆರಿಸಿಕೊಂಡು, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್‌ನ ಆರ್‌ಪಿಎಂ, ಬೂಸ್ಟ್ ಒತ್ತಡ (ಟರ್ಬೊ ಕೊಡುವ ಗಾಳಿಯ ಹೆಚ್ಚುವರಿ ಒತ್ತಡ), ಎಂಜಿನ್ ತಂಪು ಮಾಡುವ ದ್ರವವಾದ ಕೂಲಂಟ್‌ನ ಉಷ್ಣತೆ ಮತ್ತು ವಾಹನದ ವೇಗ, ಈ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಕೂಲಂಟ್ ಏರುತ್ತಾ ಹೋಗಿ ಎಚ್ಚರಿಕೆಯ ದೀಪ ಹೊತ್ತಿಕೊಂಡರೆ ದೋಷ ತಂಪು ಮಾಡುವ ವ್ಯವಸ್ಥೆಯಲ್ಲಿದೆ. ಕೂಲಂಟ್ ಸರಿಯಾಗಿದ್ದು, ಮೊದಲೆರಡು ಓಟ ಚೆನ್ನಾಗಿದ್ದು ಆಮೇಲಿನ ಓಟಗಳು ಮಂಕಾದರೆ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಡೆ ನೋಡಬೇಕು. ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ, ಎಂಜಿನ್‌ನ ಶಕ್ತಿಯನ್ನು ಟ್ರ್ಯಾಕ್‌ಗೆ (ವಾಹನವನ್ನು ಮುಂದಕ್ಕೆ ತಳ್ಳುವ ಅಗಲವಾದ ಪಟ್ಟಿಗೆ) ಒಯ್ಯುವ ಬೆಲ್ಟ್ ಜಾರುತ್ತಿದೆ. ತಣ್ಣಗಿರುವಾಗಲೇ ಬೂಸ್ಟ್ ಮತ್ತು ಆರ್‌ಪಿಎಂ ಎರಡೂ ಕಡಿಮೆಯಿದ್ದರೆ ಗಾಳಿಯ ಸೋರಿಕೆ, ಕಟ್ಟಿಕೊಂಡ ಫಿಲ್ಟರ್ ಅಥವಾ ಸರಿಯಾಗಿ ಮುಚ್ಚದ ವೇಸ್ಟ್‌ಗೇಟ್ (ಎಕ್ಸಾಸ್ಟ್ ಅನಿಲವನ್ನು ಟರ್ಬೊದ ಪಕ್ಕದಿಂದ ಹಾಯಿಸಿ ಬೂಸ್ಟ್‌ಗೆ ಮಿತಿ ಹಾಕುವ ಕವಾಟ) ಇರಬಹುದು. ಈ ವಿಂಗಡಣೆ ಮಾಡದೆ ಟರ್ಬೊವನ್ನೇ ದೂರುವವರು ಬಹಳ; ನಿಜದಲ್ಲಿ ಕೊನೆಯಲ್ಲಿ ಅನುಮಾನಿಸಬೇಕಾದದ್ದು ಅದನ್ನು.

ತಂಪು ವ್ಯವಸ್ಥೆಯಿಂದ ಆರಂಭಿಸೋಣ. ಬಹುಪಾಲು ಸ್ನೋಮೊಬೈಲ್‌ಗಳಲ್ಲಿ ಕೂಲಂಟ್ ತಣ್ಣಗಾಗುವುದು ಮುಖ್ಯವಾಗಿ ಟ್ರ್ಯಾಕ್‌ನ ಮೇಲ್ಭಾಗವನ್ನು ಮುಚ್ಚುವ ಲೋಹದ ಕವಚಕ್ಕೆ, ಅಂದರೆ ಟನೆಲ್‌ಗೆ ಜೋಡಿಸಿದ ಹೀಟ್ ಎಕ್ಸ್‌ಚೇಂಜರ್‌ಗಳಲ್ಲಿ. ಟ್ರ್ಯಾಕ್ ಎರಚುವ ಹಿಮ ಅವುಗಳಿಗೆ ತಾಗಿ ಕರಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಹಾದಿ ಗಟ್ಟಿ ಮಂಜುಗಡ್ಡೆಯಾಗಿದ್ದರೆ ಎರಚಲು ಹಿಮವೇ ಇರುವುದಿಲ್ಲ. ಟ್ರ್ಯಾಕ್‌ನೊಳಗಿನ ಸ್ಲೈಡರ್ ಪಟ್ಟಿಗಳಿಗೂ ಜಾರಿಕೆ ಸಿಗದೆ ಅವು ಕಾದು ಸವೆಯುತ್ತವೆ. ಇದಕ್ಕೆ ಪರಿಹಾರ ಐಸ್ ಸ್ಕ್ರಾಚರ್‌ಗಳು: ಹಾದಿಯ ಮೇಲ್ಮೈಯನ್ನು ಕೆರೆದು ಹಿಮದ ಪುಡಿಯನ್ನು ಎಬ್ಬಿಸುವ, ಸ್ಪ್ರಿಂಗ್‌ನಂತೆ ಬಾಗುವ ಕಡ್ಡಿಗಳು. ಉಷ್ಣತೆ ಏರಿದ ಮೇಲಲ್ಲ, ಗಟ್ಟಿ ಹಾದಿಗೆ ಇಳಿಯುವಾಗಲೇ ಅವನ್ನು ಕೆಳಗಿಳಿಸಬೇಕು. ಅನೇಕ ಬಗೆಯ ಸ್ಕ್ರಾಚರ್‌ಗಳು ಹಿಂದಕ್ಕೆ ಚಲಿಸುವಾಗ ಮುರಿಯುತ್ತವೆ ಎಂಬುದನ್ನು ಮರೆಯಬೇಡಿ. ಆದರೂ ದೀಪ ಹೊತ್ತಿಕೊಂಡರೆ, ಹಾದಿಯ ಅಂಚಿನ ಸಡಿಲ ಹಿಮದಲ್ಲಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ. ಉಷ್ಣತೆ ಇಳಿಯದಿದ್ದರೆ ಎಂಜಿನ್ ಆರಿಸಿ ಕಾಯಿರಿ. ಬಿಸಿಯಾಗಿರುವಾಗ ಕೂಲಂಟ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಸಾಕಷ್ಟು ಹಿಮವಿದ್ದೂ ಉಷ್ಣತೆ ಏರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆಯೇ ನೋಡಬೇಕು. ಉದ್ದದ ಕೊಳವೆಗಳಿರುವ ಈ ವ್ಯವಸ್ಥೆಯಲ್ಲಿ ಕೂಲಂಟ್ ಬದಲಿಸಿದ ನಂತರ ಗಾಳಿಯ ಗುಳ್ಳೆ ಉಳಿಯುವುದು ಸಾಮಾನ್ಯ. ತಯಾರಕರ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ವಾಹನದ ಒಂದು ತುದಿಯನ್ನು ಎತ್ತಿ ಗಾಳಿಯನ್ನು ಹೊರಬಿಡಬೇಕು. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪ್ರಮಾಣದಲ್ಲಿರುವ ಮಿಶ್ರಣ ಮೈನಸ್ 35 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಇನ್ನೂ ಹೆಚ್ಚು ಗ್ಲೈಕಾಲ್ ಸುರಿದರೆ ಒಳ್ಳೆಯದೆಂಬ ಭಾವನೆ ತಪ್ಪು, ಏಕೆಂದರೆ ಶಾಖವನ್ನು ಹೊರುವುದರಲ್ಲಿ ನೀರಿನ ಸಾಮರ್ಥ್ಯವೇ ದೊಡ್ಡದು. ಟ್ರ್ಯಾಕ್‌ಗೆ ಮೊಳೆ ಹೊಡೆಸಿದ್ದರೆ ಅವು ಎಕ್ಸ್‌ಚೇಂಜರ್‌ಗೆ ಉಜ್ಜದಂತೆ ಟನೆಲ್ ರಕ್ಷಕ ಪಟ್ಟಿಗಳನ್ನೂ ಹಾಕಿಸಿ.

ಇನ್ನು ಗಾಳಿಯ ಶಾಖ. ಇದು ಕಣ್ಣಿಗೆ ಕಾಣದ್ದು. ಇದಕ್ಕೆ ದೀಪವೂ ಹೊತ್ತಿಕೊಳ್ಳುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಮೈನಸ್ 10 ಡಿಗ್ರಿಯ ಗಾಳಿಯನ್ನು ಟರ್ಬೊ 1.8 ಪಟ್ಟು ಒತ್ತಡಕ್ಕೆ ಏರಿಸಿದಾಗ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್‌ನ ದಕ್ಷತೆ ಶೇ 70ರಷ್ಟಿದ್ದರೆ, ಅದು ಸುಮಾರು 60 ಡಿಗ್ರಿಗೆ ಕಾದು ಹೊರಬರುತ್ತದೆ. 3,000 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದ ಶೇ 70ರಷ್ಟು ಮಾತ್ರ ಇರುತ್ತದೆ. ಅಲ್ಲಿ ಎಂಜಿನ್‌ಗೆ ಅದೇ ಒತ್ತಡ ಕೊಡಬೇಕಾದರೆ ಗಾಳಿಯನ್ನು ಎರಡೂವರೆ ಪಟ್ಟಿಗೂ ಹೆಚ್ಚು ಒತ್ತಬೇಕಾಗಿ, ಅದರ ಉಷ್ಣತೆ ನೂರು ಡಿಗ್ರಿಯನ್ನು ಮುಟ್ಟುತ್ತದೆ. ಬೆಟ್ಟದ ಮೇಲೆ ಟರ್ಬೊ ಇದ್ದರೆ ಚಿಂತೆಯಿಲ್ಲ ಎನ್ನುವವರು ಮರೆಯುವ ಲೆಕ್ಕ ಇದು. ಗಾಳಿ 20 ಡಿಗ್ರಿಯ ಬದಲು 60 ಡಿಗ್ರಿಯಲ್ಲಿ ಸಿಲಿಂಡರ್ ಸೇರಿದರೆ ಅದರ ಸಾಂದ್ರತೆ ಸುಮಾರು ಶೇ 12ರಷ್ಟು ಕಡಿಮೆಯಾಗಿರುತ್ತದೆ. ಅದಲ್ಲದೆ ಬಿಸಿ ಗಾಳಿ ನಾಕಿಂಗ್‌ಗೆ (ಸಿಲಿಂಡರ್‌ನಲ್ಲಿ ಇಂಧನ ಹತೋಟಿ ತಪ್ಪಿ ತಾನಾಗಿ ಸಿಡಿಯುವುದಕ್ಕೆ) ದಾರಿ ಮಾಡುವುದರಿಂದ, ಎಂಜಿನ್‌ನ ಕಂಪ್ಯೂಟರ್ ಕಿಡಿ ಹೊತ್ತಿಸುವ ಸಮಯವನ್ನು ಹಿಂದಕ್ಕೆ ತಳ್ಳಿ ಶಕ್ತಿಯನ್ನು ತಾನೇ ಕಡಿತಗೊಳಿಸುತ್ತದೆ.

ಹೀಗಾಗಿ ಇಂಟರ್‌ಕೂಲರ್‌ನ ರೆಕ್ಕೆಗಳ ನಡುವೆ ಹಿಮ, ಕೆಸರು, ಎಣ್ಣೆ ಕಟ್ಟಿಕೊಂಡಿಲ್ಲವೆಂದು ಆಗಾಗ ನೋಡಿಕೊಳ್ಳಿ. ಇಂಟರ್‌ಕೂಲರ್‌ಗೆ ಗಾಳಿ ತರುವ ದಾರಿಯ ಅಂಚುಗಳಲ್ಲಿ ಸಂದು ಬಿಟ್ಟಿದ್ದರೆ ಗಾಳಿ ಅದನ್ನು ಹಾಯದೆ ಪಕ್ಕಕ್ಕೆ ನುಸುಳುತ್ತದೆ; ಫೋಮ್ ಪಟ್ಟಿ ಅಂಟಿಸಿ ಮುಚ್ಚುವುದು ಅಗ್ಗದ, ಆದರೆ ಫಲಕಾರಿಯಾದ ಕೆಲಸ. ಟರ್ಬೊ ಮತ್ತು ಎಕ್ಸಾಸ್ಟ್ ಪೈಪಿನ ಶಾಖ ಗಾಳಿಯ ಕೊಳವೆಗಳಿಗೆ ತಾಗದಂತೆ ತಯಾರಕರು ಹಾಕಿರುವ ತಗಡುಗಳನ್ನು ದುರಸ್ತಿಯ ನಂತರ ಬಿಟ್ಟುಬಿಡುವ ಅಭ್ಯಾಸ ಕೆಲವರಿಗಿದೆ. ಅದು ಅಪಾಯಕಾರಿ, ಏಕೆಂದರೆ ಹತ್ತಿರದಲ್ಲೇ ಇಂಧನದ ಮತ್ತು ವಿದ್ಯುತ್ತಿನ ತಂತಿ-ಕೊಳವೆಗಳು ಹಾದುಹೋಗುತ್ತವೆ. ಬೂಸ್ಟ್ ಸೋರಿಕೆಯ ಅನುಮಾನವಿದ್ದರೆ, ಎಂಜಿನ್ ಆರಿರುವಾಗ ಕೊಳವೆಗಳಿಗೆ ಮಿತವಾದ ಒತ್ತಡದ ಗಾಳಿ ಕೊಟ್ಟು ಕ್ಲ್ಯಾಂಪ್‌ಗಳ ಮೇಲೆ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ.

ಬೆಲ್ಟ್‌ನ ವಿಷಯದಲ್ಲಿ ಟರ್ಬೊ ಎಂಜಿನ್ ದಯೆ ತೋರುವುದಿಲ್ಲ. ಬೂಸ್ಟ್ ಏರಿದೊಡನೆ ಉಕ್ಕುವ ಟಾರ್ಕ್ ಅಷ್ಟೂ ಒಂದು ರಬ್ಬರ್ ಬೆಲ್ಟ್‌ನ ಮೂಲಕವೇ ಟ್ರ್ಯಾಕ್‌ಗೆ ಹೋಗಬೇಕು. ಕಠಿಣವಾಗಿ ಓಡಿಸಿ ನಿಲ್ಲಿಸಿದ ಮೇಲೆ, ಎಂಜಿನ್ ಆರಿಸಿ, ಬೆಲ್ಟ್ ಸುತ್ತಿಕೊಂಡಿರುವ ಎರಡೂ ಕ್ಲಚ್‌ಗಳ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಿರಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಹೆಚ್ಚು ಬಿಸಿಯಾದ ಕಡೆ ಬೆಲ್ಟ್ ಜಾರುತ್ತಿದೆ ಎಂದು ಊಹಿಸಬಹುದು. ಆಗ ಕ್ಲಚ್‌ಗಳು ಒಂದೇ ನೇರದಲ್ಲಿವೆಯೇ, ಬೆಲ್ಟ್‌ನ ಬಿಗಿ ಸರಿಯಿದೆಯೇ, ಸ್ಪ್ರಿಂಗ್ ಸೋತಿದೆಯೇ ಎಂದು ಪರೀಕ್ಷಿಸಿ, ಕ್ಲಚ್‌ನ ಮುಖಗಳಿಗೆ ಅಂಟಿದ ರಬ್ಬರ್ ಪುಡಿಯನ್ನು ಒರೆಸಿ ತೆಗೆಯಬೇಕು. ಟ್ರ್ಯಾಕ್ ಅತಿಯಾಗಿ ಬಿಗಿಯಾಗಿದ್ದರೂ, ಚಕ್ರದ ಬೇರಿಂಗ್ ಕೆಟ್ಟಿದ್ದರೂ ಅದರ ಹೊರೆ ಬೆಲ್ಟ್‌ನ ಮೇಲೆಯೇ ಬೀಳುತ್ತದೆ.

ಎಣ್ಣೆಯ ಬಗ್ಗೆ ಹೇಳುವುದು ಕಡಿಮೆ: ಕೈಪಿಡಿ ಹೇಳಿದ ಸಿಂಥೆಟಿಕ್ ಎಣ್ಣೆಯನ್ನೇ ಬಳಸಿ, ಜೋರಾಗಿ ಓಡಿಸಿದ ನಂತರ ಎಂಜಿನ್ ಅನ್ನು ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಟ್ಟು ಆರಿಸಿ. ಇಲ್ಲವಾದರೆ ಕಾದ ಟರ್ಬೊದ ಬೇರಿಂಗ್‌ನಲ್ಲಿ ನಿಂತ ಎಣ್ಣೆ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ.

ಬೂಸ್ಟ್ ಹೆಚ್ಚಿಸುವ ಯೋಚನೆ ಇದೆಲ್ಲ ಮುಗಿದ ಮೇಲೆ ಬರಲಿ. ಹೊಸ ಇಸಿಯು (ಎಂಜಿನ್‌ನ ಕಂಪ್ಯೂಟರ್) ಟ್ಯೂನಿಂಗ್ ಮಾಡಿಸಿದರೆ ಅದಕ್ಕೆ ತಕ್ಕ ಆಕ್ಟೇನ್‌ನ ಪೆಟ್ರೋಲ್ ಬೇಕು, ಆರ್‌ಪಿಎಂ ಅನ್ನು ಹಿಡಿತದಲ್ಲಿಡುವ ಕ್ಲಚ್‌ನ ತೂಕಗಳನ್ನೂ ಬದಲಿಸಬೇಕು. ವಾರಂಟಿ ಕೈತಪ್ಪುವ ಸಾಧ್ಯತೆಯನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಹಳೆಯ ತೂಕಗಳನ್ನೇ ಉಳಿಸಿಕೊಂಡರೆ ಎಂಜಿನ್ ನಿಗದಿತ ಆರ್‌ಪಿಎಂ ಅನ್ನು ದಾಟಿ ಮಿತಿಗೆ ಬಡಿಯುತ್ತದೆ, ಹೆಚ್ಚಿದ ಶಕ್ತಿಯಲ್ಲಿ ಒಂದು ಪಾಲು ಬೆಲ್ಟ್‌ನಲ್ಲೇ ಶಾಖವಾಗಿ ಕಳೆದುಹೋಗುತ್ತದೆ.