ಕಮೋಡೋರ್ 64ರಲ್ಲಿ ಚಿತ್ರ ಬರದಿದ್ದರೆ, ಡಿಸ್ಕ್ ಓದದಿದ್ದರೆ

ಆನ್ ಮಾಡಿದ ಮೇಲೂ ಪರದೆ ಕಪ್ಪಗೇ ಇದ್ದರೆ ಕೂಡಲೇ ಆಫ್ ಮಾಡಿ. 1982ರ ಈ ಹೋಮ್ ಕಂಪ್ಯೂಟರಿಗೆ ದೊಡ್ಡ ಅಪಾಯ ಅದರ ಹಳೆಯ ಪವರ್ ಸಪ್ಲೈನಿಂದಲೇ. ವಯಸ್ಸಾದಂತೆ ಅದರ 5 ವೋಲ್ಟ್ ಡಿಸಿ ಮೇಲಕ್ಕೇರುತ್ತದೆ, ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಪ್ಲಗ್ಗನ್ನು ಕಂಪ್ಯೂಟರ್‌ನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು, ಸಪ್ಲೈ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ. 5.2 ದಾಟಿದರೆ ನಾನು ಆ ಸಪ್ಲೈಯನ್ನು ಮತ್ತೆ ಬಳಸುವುದಿಲ್ಲ, ನೀವೂ ಬಳಸಬೇಡಿ.

ಸಪ್ಲೈ ಸರಿಯಿದ್ದರೆ ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ, ಕೇಸ್ ಬಿಚ್ಚುವುದೇ ಬೇಡ. ಎಲ್ಲ ಆಫ್ ಇರುವಾಗಲೇ 1541 ಫ್ಲಾಪಿ ಡ್ರೈವ್ ಜೋಡಿಸಿ (ಆನ್ ಇರುವಾಗ ಕೇಬಲ್ ಎಳೆದರೆ ಚಿಪ್‌ಗೆ ಪೆಟ್ಟು), ಡಿಸ್ಕ್ ಹಾಕಿ, ಆನ್ ಮಾಡಿ. ಏನೂ ಕಾಣದಿದ್ದರೂ ಕುರುಡಾಗಿ ಲೋಡ್"$",8 ಎಂದು (ಇಲ್ಲಿನ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ) ಟೈಪ್ ಮಾಡಿ ರಿಟರ್ನ್ ಒತ್ತಿ; ಇದು ಡಿಸ್ಕ್‌ನಲ್ಲಿರುವುದರ ಪಟ್ಟಿ ಕೇಳುವ ಆದೇಶ. ಡ್ರೈವ್ ತಿರುಗಿ ಕೆಂಪು ದೀಪ ಹತ್ತಿತೋ, ಯಂತ್ರ ಬದುಕಿದೆ. ಪ್ರೊಸೆಸರ್, ರಾಮ್, ಬೇಸಿಕ್ ಎಲ್ಲ ಕೆಲಸ ಮಾಡುತ್ತಿವೆ. ತೊಂದರೆ ವಿಡಿಯೊ ಕೇಬಲ್, ಟಿವಿಗೆ ಸಿಗ್ನಲ್ ಕಳಿಸುವ ಮಾಡ್ಯುಲೇಟರ್ ಅಥವಾ ಚಿತ್ರ ಮೂಡಿಸುವ ವಿಐಸಿ ಚಿಪ್‌ನಲ್ಲಿದೆ. ಡ್ರೈವ್ ಅಲುಗದಿದ್ದರೆ ಪಿಎಲ್ಎ ಚಿಪ್ (ಯಾವಾಗ ಯಾವ ಮೆಮೊರಿ ಎಂದು ಆರಿಸುವ ಚಿಪ್), ರಾಮ್‌ಗಳ ಮೇಲೆ ಅನುಮಾನ ಪಡಿ.

ಚಿತ್ರ ಬಂದರೂ ಬಣ್ಣ ಇಲ್ಲದಿದ್ದರೆ, ಅಥವಾ ಚಿತ್ರ ಉರುಳುತ್ತಿದ್ದರೆ, ಯಂತ್ರ ಪಾಲ್ ಟಿವಿ ಪದ್ಧತಿಯದೋ ಎನ್‌ಟಿಎಸ್‌ಸಿ ಪದ್ಧತಿಯದೋ, ಟಿವಿ ಅದನ್ನು ಒಪ್ಪುತ್ತದೋ ಎಂದು ಮೊದಲು ನೋಡಿ. ಎಷ್ಟೋ ಹೊಸ ಟಿವಿಗಳಿಗೆ ಈ ಹಳೆಯ ಸಿಗ್ನಲ್ ಹಿಡಿಸುವುದಿಲ್ಲ. ಹಳೆಯ ಟ್ಯೂಬ್ ಟಿವಿ ಸಿಕ್ಕರೆ ಅದರಲ್ಲೇ ಪರೀಕ್ಷಿಸಿ.

ಈಗ ಡಿಸ್ಕ್ ವಿಷಯ. ಡಿವೈಸ್ ನಾಟ್ ಪ್ರೆಸೆಂಟ್ ಎಂದು ಬಂದರೆ ಡಿಸ್ಕ್‌ನದು ತಪ್ಪಲ್ಲ: ಕೇಬಲ್, ಡ್ರೈವ್‌ನ ಪವರ್, ಇಲ್ಲವೇ ಡಿವೈಸ್ ನಂಬರ್ (ಡ್ರೈವ್‌ನ ಗುರುತಿನ ಸಂಖ್ಯೆ) 8 ಅಲ್ಲ. ಕೆಂಪು ದೀಪ ಮಿಣುಕುತ್ತಿದ್ದರೆ ಊಹೆ ಮಾಡಬೇಡಿ, ಡ್ರೈವನ್ನೇ ಕೇಳಿ:

10 ಓಪನ್15,8,15
20 ಇನ್‌ಪುಟ್#15,ಎ,ಬಿ$,ಸಿ,ಡಿ
30 ಪ್ರಿಂಟ್ ಎ,ಬಿ$,ಸಿ,ಡಿ
40 ಕ್ಲೋಸ್15

ಕೊನೆಗೆ ರನ್ ಎಂದು ಟೈಪ್ ಮಾಡಿ ರಿಟರ್ನ್ ಒತ್ತಿ. ಲೈನ್ ನಂಬರ್ ಇಲ್ಲದೆ ಇದು ನಡೆಯುವುದಿಲ್ಲ. ಆನ್ ಮಾಡಿದ ತಕ್ಷಣ ಓದಿದರೆ 73 ಬರುತ್ತದೆ; ಅದು ಡ್ರೈವ್‌ನ ಆವೃತ್ತಿ ಹೇಳುವ ಸಂದೇಶವಷ್ಟೇ, ಗಾಬರಿ ಬೇಡ. 26 ಎಂದರೆ ಡಿಸ್ಕ್‌ನ ಪಕ್ಕದ ಕಚ್ಚು ಮುಚ್ಚಿದೆ, ಬರೆಯಲು ಬಿಡುತ್ತಿಲ್ಲ. 21 ಬಂದರೆ ಒಂದೋ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಇಲ್ಲವೇ ಡ್ರೈವ್‌ನೊಳಗೆ ಡಿಸ್ಕ್ ಓದುವ ಹೆಡ್ ಕೊಳೆಯಾಗಿದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ. ಯಾವ ಹಳೆಯ ಡಿಸ್ಕನ್ನಾದರೂ ಒಳಗೆ ಹಾಕುವ ಮುನ್ನ ಅದರ ಉದ್ದನೆಯ ಕಿಂಡಿಯನ್ನು ಬೆಳಕಿಗೆ ಹಿಡಿದು ನೋಡಿ. ಬೂಷ್ಟಿನ ಮಂಕು ಕಲೆ ಕಂಡರೆ ಹಾಕಬೇಡಿ, ಡಿಸ್ಕ್ ಒಂದು ಸುತ್ತು ತಿರುಗುವಷ್ಟರಲ್ಲೇ ಹೆಡ್ ಕೊಳೆಯಾಗಬಹುದು.

ಹೊಸದಾಗಿ ಫಾರ್ಮ್ಯಾಟ್ ಮಾಡಲು:

ಓಪನ್15,8,15,"ಎನ್0:ಹೆಸರು,01":ಕ್ಲೋಸ್15

ಮುಗಿದ ಮೇಲೆ ಪಟ್ಟಿಯಲ್ಲಿ 664 ಬ್ಲಾಕ್ ಖಾಲಿ ಇರಬೇಕು. ಹೈ ಡೆನ್ಸಿಟಿ ಡಿಸ್ಕ್ ಬೇಡ. ಅದರ ಕಾಂತೀಯ ಲೇಪನವೇ ಬೇರೆ; ಇವತ್ತು ಬರೆದದ್ದು ನಾಳೆ ಓದದೆ ಹೋಗಬಹುದು.

ತಾನೇ ಬರೆದ ಡಿಸ್ಕ್ ಓದುತ್ತದೆ, ಬೇರೆಯವರದ್ದು ಓದುವುದಿಲ್ಲ ಎಂದಾದರೆ ಹೆಡ್‌ನ ಅಲೈನ್‌ಮೆಂಟ್, ಅಂದರೆ ಅದು ನಿಲ್ಲಬೇಕಾದ ಸರಿಯಾದ ಜಾಗ, ತಪ್ಪಿದೆ. ಸರಿಪಡಿಸುವ ಮುನ್ನ ಆ ಡ್ರೈವ್ ಬರೆದ ಡಿಸ್ಕ್‌ಗಳಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳಿ. ಅಲೈನ್‌ಮೆಂಟ್ ಸರಿಯಾದ ಮೇಲೆ ಅವನ್ನೇ ಓದಲಾರದೆ ಹೋಗಬಹುದು.