ಪುಸ್ತಕ ಎಣಿಸುವುದನ್ನು ಬಿಟ್ಟ ಮೇಲೆ

ಬೇಸಿಗೆ ಓದಿನ ಕಾರ್ಯಕ್ರಮದಿಂದ ಬಹುಮಾನವನ್ನು ತೆಗೆದುಹಾಕಿದರೆ ಮಕ್ಕಳು ಗ್ರಂಥಾಲಯದ ಕಡೆ ತಲೆ ಹಾಕುವುದಿಲ್ಲವೆಂದು ಸಹೋದ್ಯೋಗಿಗಳೂ ಮೇಲಧಿಕಾರಿಗಳೂ ಒಂದೇ ದನಿಯಲ್ಲಿ ಹೇಳಿದ್ದರು. ಕೆಲವು ಬೇಸಿಗೆಗಳಿಂದ ನಮ್ಮ ಮಕ್ಕಳ ವಿಭಾಗದಲ್ಲಿ ಬಹುಮಾನವೇ ಇಲ್ಲ, ಆದರೂ ಕುರ್ಚಿಗಳು ಸಾಲುತ್ತಿಲ್ಲ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನೋಂದಣಿ, ಓದಿನ ಕಾರ್ಡು, ಪುಸ್ತಕಕ್ಕೊಂದು ಮುದ್ರೆ, ಕೊನೆಗೆ ಹೆಚ್ಚು ಓದಿದವರಿಗೆ ಬಹುಮಾನ ಎಂಬ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ವಾರಕ್ಕೇ ಹಾಜರಿ ಇಳಿಯುತ್ತಿತ್ತು, ಮತ್ತು ಬರುವುದನ್ನು ನಿಲ್ಲಿಸುತ್ತಿದ್ದವರು ನಿಧಾನವಾಗಿ ಓದುವ ಮಕ್ಕಳೇ, ಅಂದರೆ ಯಾರಿಗಾಗಿ ಕಾರ್ಯಕ್ರಮ ನಡೆಸುತ್ತಿದ್ದೆವೋ ಅವರೇ. ಮುಂದಿದ್ದವರೋ, ಎಣಿಕೆ ಏರಿಸುವ ಸಲುವಾಗಿ ತಮ್ಮ ವಯಸ್ಸಿಗಿಂತ ಬಹಳ ಕೆಳಗಿನ ತೆಳ್ಳನೆಯ ಪುಸ್ತಕಗಳನ್ನು ಒಯ್ಯುತ್ತಿದ್ದರು. ಇದನ್ನು ತಡೆಯಲು ಓದಿದ ಪುಸ್ತಕದ ಬಗ್ಗೆ ಪ್ರಶ್ನೆ ಕೇಳುವ ನಿಯಮ ಬಂತು. ಆ ಬೇಸಿಗೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ನಡುವೆಯೇ ಬಿಟ್ಟುಹೋದರು. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ ಮೊದಲೇ ಬಹುಮಾನದ ಭರವಸೆ ಕೊಟ್ಟರೆ, ಆಮೇಲೆ ಬಿಡುವಿನ ವೇಳೆಯಲ್ಲಿ ಅವರ ಆಸಕ್ತಿ ತಗ್ಗುತ್ತದೆಂದು ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದರು. ನಮ್ಮ ಎರವಲು ದಾಖಲೆಯೂ ಅದನ್ನೇ ಹೇಳುತ್ತಿತ್ತು: ಬಹುಮಾನ ಪಡೆದವರಲ್ಲಿ ಬಹುಪಾಲು ಮಕ್ಕಳು ಶಾಲೆ ತೆರೆದ ಮೇಲೆ ಒಂದು ಪುಸ್ತಕವನ್ನೂ ಒಯ್ದಿರಲಿಲ್ಲ.

ನಾನು ಎಣಿಕೆಯನ್ನು ಪುಸ್ತಕದಿಂದ ಸಮಯಕ್ಕೆ ಬದಲಾಯಿಸಿದೆ. ದಿನಕ್ಕೆ ಇಪ್ಪತ್ತು ನಿಮಿಷ ಓದಿದರೆ ಸಾಕು. ಕಾಮಿಕ್ಸ್ ಆದರೂ ಸರಿ, ಒಗಟಿನ ಪುಸ್ತಕವಾದರೂ ಸರಿ, ಇನ್ನೊಬ್ಬರು ಓದಿದ್ದನ್ನು ಕೇಳಿಸಿಕೊಂಡರೂ ಸರಿ. ಎಲ್ಲಕ್ಕಿಂತ ಹೆಚ್ಚು ವಿರೋಧ ಬಂದದ್ದು ಪುಸ್ತಕವನ್ನು ಅರ್ಧಕ್ಕೆ ಬಿಡಬಹುದೆಂಬ ನಿಯಮಕ್ಕೆ. ಮಕ್ಕಳಿಗೆ ಶಿಸ್ತು ತಪ್ಪುತ್ತದೆಂದರು. ಆದರೆ ಬಿಡುವವರು ಯಾವ ಪುಟದಲ್ಲಿ ಬಿಟ್ಟೆವೆಂದು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗಿಟ್ಟು ಹಿಂತಿರುಗಿಸಬೇಕಿತ್ತು, ಮತ್ತು ಆ ಚೀಟಿಗಳಷ್ಟು ಬೆಲೆಬಾಳುವ ದಾಖಲೆ ನನ್ನ ವೃತ್ತಿಯಲ್ಲಿ ಬೇರೊಂದು ಸಿಕ್ಕಿಲ್ಲ. ಹೆಚ್ಚಿನವರು ಬಿಟ್ಟದ್ದು ಮೊದಲ ಹತ್ತು ಹನ್ನೆರಡು ಪುಟಗಳೊಳಗೆ. ಅಂಥ ಪುಸ್ತಕಗಳನ್ನು ಒಂದೆಡೆ ಇಟ್ಟು ನೋಡಿದಾಗ ಕಥೆ ಕೆಟ್ಟದಾಗಿದ್ದವು ಕಡಿಮೆ. ಅಕ್ಷರ ಸಣ್ಣದಿದ್ದವು, ಸಾಲುಗಳ ನಡುವೆ ಜಾಗವಿಲ್ಲದವು, ಮೊದಲ ಪುಟದಲ್ಲೇ ಐದಾರು ಪಾತ್ರಗಳ ಹೆಸರು ಹೇಳಿಬಿಡುವವು ಹೆಚ್ಚು. ಈಗ ಖರೀದಿಯ ಪಟ್ಟಿ ಮಾಡುವಾಗ ನಾನು ಹಿಂಬದಿಯ ಪರಿಚಯ ಓದುವುದಿಲ್ಲ, ಮೊದಲ ಹತ್ತು ಪುಟಗಳನ್ನು ತೆರೆದು ನೋಡುತ್ತೇನೆ. ನನ್ನ ಪಟ್ಟಿಯ ಪುಸ್ತಕಗಳು ಕಪಾಟಿನಲ್ಲಿ ಧೂಳು ಹಿಡಿಯುವುದು ಅಪರೂಪವೆಂದು ಧೈರ್ಯವಾಗಿ ಹೇಳಬಲ್ಲೆ.

ಹಣದ ವಿಷಯ. ಬಹುಮಾನ, ಬ್ಯಾನರು, ಸಮಾರೋಪ ಸಮಾರಂಭ ಈ ಮೂರೇ ಅನುದಾನದ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತಿದ್ದವು. ಆ ಮೊತ್ತವನ್ನೆಲ್ಲ ಮಕ್ಕಳು ಕೇಳಿ ಕೇಳಿ ಕಾಯುತ್ತಿದ್ದ ಪುಸ್ತಕಗಳ ಐದಾರು ಪ್ರತಿಗಳಿಗೆ ಹಾಕಿದೆ, ಏಕೆಂದರೆ ಗೆಳೆಯನೂ ಅದೇ ವಾರ ಅದನ್ನೇ ಓದುತ್ತಿದ್ದರೆ ಮಗು ಪುಸ್ತಕ ಬಿಡುವುದು ಕಡಿಮೆ. ಒಂದೇ ಶೀರ್ಷಿಕೆಗೆ ಇಷ್ಟು ಪ್ರತಿ ಏಕೆಂದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂತು. ಒಂದೊಂದು ಪ್ರತಿಯೂ ಬೇಸಿಗೆಯಲ್ಲಿ ಏಳೆಂಟು ಬಾರಿ ಹೊರಹೋದ ದಾಖಲೆಯನ್ನು ಮುಂದಿಟ್ಟ ಮೇಲೆ ಆಕ್ಷೇಪ ಬಿದ್ದುಹೋಯಿತು. ನೂರಕ್ಕೆ ನಾಲ್ಕರಷ್ಟು ಪುಸ್ತಕಗಳು ಕಳೆದುಹೋಗಿರಬಹುದು. ಹರಿದವು ಇನ್ನೂ ಹೆಚ್ಚು.

ಹರಿದವುಗಳಿಂದ ಇನ್ನೊಂದು ಪ್ರಯೋಗ ಹುಟ್ಟಿತು. ಅಂಟು, ತೆಳು ಕಾಗದ, ದಾರ ಇಟ್ಟು ದುರಸ್ತಿಯ ಮೇಜೊಂದನ್ನು ಹಾಕಿದೆ. ಓದಲು ಕರೆದರೆ ಬಾರದ ದೊಡ್ಡ ಹುಡುಗರು ಇಲ್ಲಿಗೆ ಬಂದರು, ಪುಟಗಳನ್ನು ಕ್ರಮವಾಗಿ ಜೋಡಿಸುವಾಗ ಓದತೊಡಗಿದರು, ತಾವು ಹೊಲಿದ ಪುಸ್ತಕವನ್ನು ಚಿಕ್ಕವರಿಗೆ ತಾವೇ ಓದಿ ಹೇಳಿದರು. ಬೈಂಡಿಂಗಿನ ಖರ್ಚು ಸ್ವಲ್ಪವೇ ಉಳಿಯಿತು, ಆದರೆ ಓದಿ ಹೇಳುವವರು ಸಿಕ್ಕರು. ನಾನು ಗಟ್ಟಿಯಾಗಿ ಓದುವ ದಿನಗಳಲ್ಲಿ ಕಥೆಯನ್ನು ನಡುವೆ ನಿಲ್ಲಿಸಿ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತೇನೆ. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ನನ್ನದೊಂದು ಲೆಕ್ಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ವರದಿಯಲ್ಲಿ ಈಗ ನಾನು ನೋಂದಣಿಯ ಸಂಖ್ಯೆಯನ್ನು ಮುಂದೆ ಮಾಡುವುದಿಲ್ಲ. ಶಾಲೆ ತೆರೆದ ಎರಡನೆಯ ತಿಂಗಳಲ್ಲೂ ಎರವಲು ಪಡೆಯುತ್ತಿರುವ ಮಕ್ಕಳೆಷ್ಟು ಎಂಬುದೇ ಮೊದಲ ಸಾಲು. ಮೊದಲು ಹತ್ತರಲ್ಲಿ ಒಬ್ಬರೋ ಇಬ್ಬರೋ ಇದ್ದರು, ಕಳೆದ ಬಾರಿ ಐದಾರು ಮಂದಿ. ಮುಂದಿನ ಅನುದಾನದ ಬೇಡಿಕೆಯನ್ನೂ ಆ ಸಾಲಿನ ಆಧಾರದ ಮೇಲೆಯೇ ಸಲ್ಲಿಸಿದ್ದೇನೆ, ಬಹುಮಾನದ ಬಾಬ್ತಿನಲ್ಲಿ ಸೊನ್ನೆ ಬರೆದು.