ಭತ್ತದ ಹುಲ್ಲು ತುಂಬಿದ ಟೈರಿನಲ್ಲಿ ಬಿಸಿಲೆಯಿಂದ ಹೆತ್ತೂರಿಗೆ: ನನ್ನ ಅನುಭವ

ಟ್ಯೂಬ್ ಕೈಕೊಟ್ಟರೆ ಟೈರಿಗೆ ಹುಲ್ಲು ತುಂಬಿ ಸೈಕಲ್ ಓಡಿಸಬಹುದು ಅಂತ ನಾನು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಹಾಸನದ ನಮ್ಮ ಸೈಕಲ್ ಗೆಳೆಯರು ಒಬ್ಬರೂ ಒಪ್ಪಿರಲಿಲ್ಲ. "ಒಂದು ಫರ್ಲಾಂಗ್ ಹೋಗಲ್ಲ, ರಿಮ್ ಸೊಟ್ಟ ಆಗುತ್ತೆ" ಅಂತಿದ್ದರು. ಈ ಜನವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆಯಿಂದ ಹೆತ್ತೂರಿನವರೆಗೆ ಹುಲ್ಲಿನ ಟೈರಿನಲ್ಲೇ ಬಂದಿದ್ದೇನೆ. ಹದಿನೈದು ಹದಿನಾರು ಕಿಲೋಮೀಟರ್ ಇದ್ದಿರಬೇಕು. ರಿಮ್ಮಿಗೆ ಏನೂ ಆಗಿಲ್ಲ.

ಹೊರಟಿದ್ದು ಸುಮ್ನೆ ಒಂದು ಸುತ್ತು ಹೋಗಿ ಬರೋಣ ಅಂತ. ಹೆತ್ತೂರಿನ ಅಕ್ಕನ ಮನೆಯಲ್ಲಿ ಕಾಫಿ ಕುಯ್ಲು ನಡೆದಿತ್ತು. ಊಟ ಮುಗಿಸಿ ಅಕ್ಕನ ಮಗನನ್ನು ಕರೆದುಕೊಂಡು ಬಿಸಿಲೆ ವ್ಯೂ ಪಾಯಿಂಟ್ ಕಡೆ ಹೊರಟೆ. ಅಲ್ಲಿಂದ ಎದುರಿಗೇ ಕುಮಾರಪರ್ವತ, 1,712 ಮೀಟರ್. ಅವತ್ತು ಮಂಜಿಲ್ಲದೆ ಬುಡದಿಂದ ತುದಿವರೆಗೆ ಕಾಣುತ್ತಿತ್ತು. ದಾರಿಯಲ್ಲಿ ಮಂಕನಹಳ್ಳಿ ರಿಡ್ಜ್ ಅನ್ನುವ ಬೆಟ್ಟದ ಏಣು ತೋರಿಸಿದೆ. ಅಲ್ಲಿ ಒಂದು ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಕಡೆಯದು ಕುಮಾರಧಾರಾ, ನೇತ್ರಾವತಿ ಹಿಡಿದು ಅರಬ್ಬಿ ಸಮುದ್ರಕ್ಕೆ. ಹುಡುಗನಿಗೆ ಅದು ಬಹಳ ಹಿಡಿಸಿತು.

ವಾಪಸ್ ಬರುವಾಗ ನನ್ನ ಹಿಂದಿನ ಚಕ್ರದ ವಾಲ್ವ್ ಬುಡದಲ್ಲೇ ಕಿತ್ತು ಬಂತು. ಅಲ್ಲಿಗೆ ಪ್ಯಾಚ್ ಕೂರುವುದಿಲ್ಲ, ನಿಮಗೂ ಗೊತ್ತು. ಸ್ಪೇರ್ ಟ್ಯೂಬ್ ಹಾಕಿದೆ. ಎರಡು ಕಿಲೋಮೀಟರ್ ಹೋಗಿಲ್ಲ, ಅದರ ಜಾಯಿಂಟ್ ಬಿಟ್ಟು ಗೇಣುದ್ದ ಬಾಯಿ ತೆರೆಯಿತು. ಮುನ್ನೂರೈವತ್ತು ರೂಪಾಯಿಯ ಟ್ಯೂಬ್ ಅದು, ಒಂದು ದಿನ ಓಡಿಸಿರಲಿಲ್ಲ. ಹರಿದ ಜಾಗ ಕತ್ತರಿಸಿ ಗಂಟು ಹಾಕಿ ನೋಡಿದೆ. ಪಂಪ್ ಒತ್ತಿದಷ್ಟೂ ಗಂಟು ಜಾರಿ ಗಾಳಿ ಹೋಗುತ್ತಿತ್ತು.

ಫೋನಿಗೆ ಸಿಗ್ನಲ್ ಇಲ್ಲ. ಹುಡುಗನದು ಇಪ್ಪತ್ತನಾಲ್ಕು ಇಂಚಿನ ಸಣ್ಣ ಸೈಕಲ್, ಅದರ ಟ್ಯೂಬ್ ನನ್ನದಕ್ಕೆ ಆಗಲ್ಲ. "ಮಾವ, ನಾನು ಹೋಗಿ ಜೀಪ್ ಕರ್ಕೊಂಡ್ ಬರ್ತೀನಿ" ಅಂದ. ಆನೆ ಓಡಾಡುವ ದಾರಿಯಲ್ಲಿ ಹುಡುಗನೊಬ್ಬನನ್ನೇ ಕಳಿಸೋದುಂಟಾ? ತಳ್ಳಿಕೊಂಡು ಹೋದರೆ ಕತ್ತಲಾಗುವುದು ಖಂಡಿತ. ಹಿಂದೊಮ್ಮೆ ಇದೇ ಪಾಡಾದಾಗ ಪಿಕಪ್‌ಗೆ ಸಾವಿರದ ಐನೂರು ಕೊಟ್ಟಿದ್ದೆ. ಈ ಸಲ ದುಡ್ಡಿದ್ದರೂ ಪಿಕಪ್ ಸಿಗುತ್ತಿರಲಿಲ್ಲ.

ಸ್ವಲ್ಪ ದೂರದಲ್ಲಿ ಒಂದು ಮನೆ, ಪಕ್ಕದಲ್ಲಿ ಕಣ, ಹೊಸ ಹುಲ್ಲಿನ ಮೆದೆ. ಅಲ್ಲಿದ್ದ ಯಜಮಾನರನ್ನು ಎರಡು ಕಟ್ಟು ಹುಲ್ಲು ಕೇಳಿದೆ. "ತಗೊಳ್ಳಿ, ಆದ್ರೆ ಬೇಗ ಹೊರಡಿ. ನಿನ್ನೆ ಸಂಜೆ ಆನೆ ಕೆಳಗಿನ ಗದ್ದೆಗೆ ಬಂದಿತ್ತು" ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಭತ್ತದ ಹುಲ್ಲಿನ ಈ ಉಪಾಯಕ್ಕೆ ಬರುವ ಮುಂಚೆ ನಾನು ಎಷ್ಟು ಕಳೆದುಕೊಂಡಿದ್ದೇನೆ ಅನ್ನುವುದನ್ನೂ ಹೇಳಬೇಕು. ಮೊದಲು ಹಸಿ ಹುಲ್ಲು ತುಂಬಿದ್ದೆ. ಒಂದು ಕಿಲೋಮೀಟರಿಗೆ ರಸ ಬಿಟ್ಟು ಮುದ್ದೆಯಾಯಿತು, ರಿಮ್ ಕಲ್ಲಿಗೆ ಬಡಿಯಿತು. ಹೊಸ ರಿಮ್, ಚಕ್ರದ ಕಡ್ಡಿ (ಸ್ಪೋಕ್) ಕಟ್ಟಿಸಿದ ಕೂಲಿ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಹಳೇ ಕಾಟನ್ ಸೀರೆ ತುಂಬಿದರೆ ಬಟ್ಟೆಯೆಲ್ಲ ಒಂದೇ ಕಡೆ ಸೇರಿ ಚಕ್ರ ಕುಣಿಯುತ್ತದೆ. ತೆಂಗಿನ ನಾರಿನ ಹಗ್ಗ ಗಟ್ಟಿ ನಿಲ್ಲುತ್ತದೆ, ಆದರೆ ಒಂಬೈನೂರು ರೂಪಾಯಿ ಟೈರಿನ ಒಳಮೈ ಕೆರೆದು ನೂಲು ಎದ್ದಿತು. ಬಾಳೆಪಟ್ಟೆ ಒಣಗಿದ್ದರೆ ಪರವಾಗಿಲ್ಲ, ಮೂರ್ನಾಲ್ಕು ಕಿಲೋಮೀಟರ್ ಬರುತ್ತದೆ.

ಇದರ ನಡುವೆ ಅಡಿಕೆ ಹಾಳೆಯದೂ ಒಂದು ಪ್ರಯೋಗ ಮಾಡಿದ್ದೆ, ಅದು ತುಂಬುವುದಕ್ಕಲ್ಲ, ಪಂಕ್ಚರ್ ತಡೆಯುವುದಕ್ಕೆ. ನೆನೆಸಿದ ಹಾಳೆಯನ್ನು ಎರಡು ಬೆರಳಗಲ ಸೀಳಿ, ಅಂಚು ಉಜ್ಜಿ ನಯ ಮಾಡಿ, ಟೈರಿಗೂ ಟ್ಯೂಬಿಗೂ ನಡುವೆ ಇಟ್ಟರೆ ಬಿದಿರು ಮುಳ್ಳು ಒಳಗೆ ಬರುವುದಿಲ್ಲ. ಒಂದು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಒಣಗಿ ಸೆಟೆದು ಅದೇ ಟ್ಯೂಬನ್ನು ಕೊಯ್ಯುತ್ತದೆ. ತಿಂಗಳಿಗೊಮ್ಮೆ ಬದಲಾಯಿಸುವವರಿಗೆ ಮಾತ್ರ ಅದು.

ಬಿಸಿಲೆ ದಾರಿಯಲ್ಲಿ ಅವತ್ತು ಹುಲ್ಲು ಸಿಕ್ಕ ಮೇಲೆ ಮೊದಲು ಮಾಡಿದ ಕೆಲಸ, ಮುಂದಿನ ಚಕ್ರದ ಒಳ್ಳೇ ಟ್ಯೂಬ್ ತೆಗೆದು ಹಿಂದಕ್ಕೆ ಹಾಕಿದ್ದು. ಇದು ಬಹಳ ಮುಖ್ಯ. ಭಾರ ಜಾಸ್ತಿ ಬೀಳೋದು ಹಿಂದೆ, ಪೆಡಲ್ ಎಳೆತವೂ ಹಿಂದೆಯೇ. ಹುಲ್ಲಿನ ಟೈರ್ ಹಿಂದಿದ್ದರೆ ಏರಿನಲ್ಲಿ ರಿಮ್ ತಿರುಗುತ್ತದೆ, ಟೈರ್ ನಿಂತಲ್ಲೇ ಇರುತ್ತದೆ. ಆದ್ದರಿಂದ ಪಂಕ್ಚರ್ ಎಲ್ಲೇ ಆಗಲಿ, ಹುಲ್ಲು ಮುಂದಿನ ಚಕ್ರಕ್ಕೆ.

ಹುಲ್ಲಿಗೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟೆವು. ಒಣ ಹುಲ್ಲು ಮುರಿಯುತ್ತದೆ, ಒದ್ದೆಯಾದರೆ ಜಾರುತ್ತದೆ. ಕೈಯಲ್ಲಿ ಹಿಂಡಿದರೆ ನೀರು ಬರಬಾರದು, ಮಡಚಿದರೆ ಮುರಿಯಬಾರದು, ಅಷ್ಟು ಹದ. ಹುಡುಗ ಹುರಿ ಹೊಸೆದು ಕೊಟ್ಟ. ನಾನು ಟೈರಿನ ಒಂದು ಅಂಚು ಕೂರಿಸಿಕೊಂಡು ಇನ್ನೊಂದು ಕಡೆಯಿಂದ ತುರುಕುತ್ತಾ ಹೋದೆ. ಹೆಬ್ಬೆರಳು ನೋಯುವಷ್ಟು ಒತ್ತಬೇಕು. ಮುಕ್ಕಾಲು ಕಿಲೋ ಹುಲ್ಲು ಹಿಡಿಸಿರಬಹುದು. ಕೊನೆಯ ಒಂದು ಗೇಣು ಮುಚ್ಚುವಾಗಲೇ ಎಲ್ಲರೂ ಸೋಲುವುದು, ಟೈರ್ ಮೀಟುವ ಲಿವರ್ ಹಾಕಿದರೆ ಹುಲ್ಲು ಹೊರಗೆ ಬರುತ್ತದೆ. ಅಲ್ಲಿ ನಾನು ವಾಲ್ವ್ ತೂತನ್ನು ಒಂದು ರೀತಿ ಬಳಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹಾಸನಕ್ಕೆ ಬಂದವರಿಗೆ ತೋರಿಸುತ್ತೇನೆ. ಹರಿದ ಟ್ಯೂಬನ್ನು ಪಟ್ಟಿ ಮಾಡಿ ಟೈರ್, ರಿಮ್ ಸೇರಿಸಿ ಏಳೆಂಟು ಕಡೆ ಬಿಗಿದೆ. ನನ್ನದು ಡಿಸ್ಕ್ ಬ್ರೇಕ್. ರಿಮ್ ಬ್ರೇಕ್ ಇದ್ದರೆ ಈ ಪಟ್ಟಿಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ, ಅಂಥವರು ಮುಂದಿನ ಬ್ರೇಕ್ ಬಿಚ್ಚಲೇಬೇಕು.

ಮೊದಲ ಎರಡು ಕಿಲೋಮೀಟರಿಗೆ ಹುಲ್ಲು ಕುಗ್ಗಿ ಟೈರ್ ಸಡಿಲವಾಯಿತು. ಹಿಂದೆಲ್ಲ ಇಲ್ಲೇ ಕೈಬಿಡುತ್ತಿದ್ದೆ. ಈ ಸಲ ಉಳಿದ ಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಬಿಚ್ಚಿ ಇನ್ನೊಂದು ನಾಲ್ಕು ಹಿಡಿ ತುರುಕಿದೆ. ಆಮೇಲೆ ಅದು ಕಲ್ಲಿನ ಹಾಗೆ ಕೂತಿತು. ಎರಡನೇ ಸಲದ ಈ ತುಂಬುವಿಕೆಯಲ್ಲೇ ಎಲ್ಲ ಇದೆ.

ಗಂಟೆಗೆ ಎಂಟು ಹತ್ತು ಕಿಲೋಮೀಟರ್ ವೇಗ, ಅದಕ್ಕಿಂತ ಜಾಸ್ತಿ ಬೇಡ. ಇಳಿಜಾರು ಜೋರಿದ್ದ ಕಡೆ ಇಳಿದು ತಳ್ಳಿದೆ. ತಿರುವಿನಲ್ಲಿ ಸೈಕಲ್ ವಾಲಿಸದೆ ಹ್ಯಾಂಡಲ್ ಮಾತ್ರ ತಿರುಗಿಸಿದೆ. ವಣಗೂರು ದಾಟುವಾಗ ಬೆಳಕಿತ್ತು. ಅದರ ನಂತರ ಒಂದು ತೋಟದ ಬೇಲಿ ಪಕ್ಕ ಬಿಸಿಬಿಸಿ ಲದ್ದಿ ಬಿದ್ದಿತ್ತು, ಆನೆ ಬೈನೆ ಮರ ಸಿಗಿದು ಹಾಕಿತ್ತು. ಹುಡುಗ ಮಾತಾಡುವುದನ್ನೇ ನಿಲ್ಲಿಸಿದ. ಅಲ್ಲಿ ತಳ್ಳಿಕೊಂಡು ಹೋಗುತ್ತಿದ್ದರೆ ಏನಾಗುತ್ತಿತ್ತೋ. ಮನೆ ಮುಟ್ಟುವಾಗ ಆರೂವರೆ.

ಬರೀ ರಿಮ್ ಮೇಲೆ ಬರಬಹುದಿತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. 1941ರ ಕೊನೆಯಲ್ಲಿ ಮಲಯಾಕ್ಕೆ ನುಗ್ಗಿದ ಜಪಾನಿ ಸೈನಿಕರು ಟೈರ್ ಹೋದ ಮೇಲೆ ರಿಮ್ ಮೇಲೆಯೇ ಸೈಕಲ್ ಓಡಿಸಿದ್ದು ನಿಜ. ನಮ್ಮ ಅಲ್ಯೂಮಿನಿಯಂ ರಿಮ್ ಈ ಗುಂಡಿ ರಸ್ತೆಯಲ್ಲಿ ಹಾಗೆ ತಡೆಯುವುದಿಲ್ಲ.

ಮಾರನೇ ದಿನ ಟೈರ್ ಬಿಚ್ಚಿದೆ. ಒಳಗಿನ ಹುಲ್ಲು ಅರ್ಧ ಪುಡಿಯಾಗಿತ್ತು, ಇನ್ನು ಐದಾರು ಕಿಲೋಮೀಟರ್ ಬರುತ್ತಿತ್ತೇನೋ. ಟೈರಿನ ಒಳಮೈ ನಯವಾಗೇ ಇತ್ತು. ಖರ್ಚು ಎರಡು ಟ್ಯೂಬಿನದು ಮಾತ್ರ, ಏಳುನೂರು.

ಅರಸೀಕೆರೆ ಕಡೆಯವರು ರಾಗಿ ಹುಲ್ಲು ಆಗುತ್ತದಾ ಅಂತ ಕೇಳುತ್ತಿದ್ದಾರೆ. ಅದರ ಕಡ್ಡಿ ಗಡುಸು, ಚಿಮುಕಿಸಿದರೆ ಸಾಲದು, ಒಂದು ಗಂಟೆ ನೆನೆಸಿ ಬಸಿಯಬೇಕು. ಅದರಲ್ಲಿ ಸದ್ಯಕ್ಕೆ ಐದು ಕಿಲೋಮೀಟರ್ ಹತ್ತಿರ ಹೋಗಿದ್ದೇನೆ.